ಫ್ರೀಜ್ ಡ್ರೈ ತರಕಾರಿ: ಬಟಾಣಿಗೆ ಹೌದು, ಈರುಳ್ಳಿಗೆ ಬೇಡ

ನಮ್ಮದು ಮಂಗಳೂರಿನ ಒಂದು ಸಣ್ಣ ಘಟಕ. ಬಿಸಿನೀರು ಹಾಕಿ ಐದರಿಂದ ಎಂಟು ನಿಮಿಷ ಮುಚ್ಚಿಟ್ಟರೆ ತಿನ್ನಬಹುದಾದ ಕಪ್ ಉಪ್ಪಿಟ್ಟು, ಬಿಸಿಬೇಳೆ ಬಾತ್, ತರಕಾರಿ ಅವಲಕ್ಕಿ ಮಾಡುತ್ತೇವೆ. ಅದಕ್ಕೆ ಬೇಕಾದ ಒಣ ತರಕಾರಿಯನ್ನು ಬೇರೆ ಬೇರೆ ಕಡೆಯಿಂದ ತರಿಸಿ, ನೆನೆಸಿ, ತೂಗಿ, ತಿಂದು ನೋಡಿ ಈಗ ಬರೆಯುತ್ತಿದ್ದೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಬಟಾಣಿ, ಸ್ವೀಟ್ ಕಾರ್ನ್, ಬೀನ್ಸ್, ಈ ಮೂರಕ್ಕೆ ಫ್ರೀಜ್ ಡ್ರೈ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದ್ದನ್ನು, ತೆಗೆದುಕೊಳ್ಳಿ, ಕೊಟ್ಟ ದುಡ್ಡು ಬಾಯಲ್ಲಿ ಗೊತ್ತಾಗುತ್ತದೆ. ಈರುಳ್ಳಿಗೆ, ಆಲೂಗಡ್ಡೆಗೆ ಬೇಡವೇ ಬೇಡ. ಕ್ಯಾರೆಟ್ ನಿಮ್ಮ ಪದಾರ್ಥ ಏನು ಅನ್ನುವುದರ ಮೇಲೆ ನಿಂತಿದೆ. "ಎಲ್ಲಾ ತರಕಾರಿಯನ್ನೂ ಫ್ರೀಜ್ ಡ್ರೈನಲ್ಲೇ ಹಾಕಿ ಸರ್, ಪ್ರೀಮಿಯಂ ಆಗುತ್ತೆ" ಅಂತ ಮಾರುವವರು ಹೇಳುತ್ತಾರೆ. ಆ ಮಾತನ್ನು ನಂಬಿ ಕೆಜಿಗಟ್ಟಲೆ ಆರ್ಡರ್ ಕೊಟ್ಟರೆ ಕಪ್‌ನ ಬೆಲೆ ಕೈಮೀರಿ ಹೋಗುತ್ತದೆ, ರುಚಿ ಮಾತ್ರ ಅಷ್ಟೇನೂ ಏರುವುದಿಲ್ಲ.

ಈ ವ್ಯಾಪಾರದಲ್ಲಿ ಎರಡು ಹೆಸರು ಓಡುತ್ತವೆ. ಬಿಸಿಗಾಳಿಯಲ್ಲಿ ಒಣಗಿಸಿದ್ದು ಎಡಿ. ಫ್ರೀಜ್ ಡ್ರೈ ಮಾಡಿದ್ದು ಎಫ್‌ಡಿ. ನಮಗೆ ಬಂದ ಕೊಟೇಶನ್‌ಗಳಲ್ಲಿ ಎಡಿ ಕ್ಯಾರೆಟ್ ಕೆಜಿಗೆ 400 ರೂಪಾಯಿ ಆಸುಪಾಸು, ಎಫ್‌ಡಿ ಕ್ಯಾರೆಟ್ 2,000ದ ಆಸುಪಾಸು. ಐದು ಪಟ್ಟು ಅಂದ ಕೂಡಲೇ ಹೆಚ್ಚಿನವರು ಫೋನ್ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಒಂದು ಕಪ್‌ಗೆ ಎಷ್ಟು ಗ್ರಾಂ ಬೀಳುತ್ತದೆ ಅಂತ ಲೆಕ್ಕ ಹಾಕಿ. ನಮ್ಮ ಉಪ್ಪಿಟ್ಟಿಗೆ ಎಫ್‌ಡಿ ಕ್ಯಾರೆಟ್ ಒಂದೂವರೆ ಗ್ರಾಂ ಸಾಕು, ಅಂದರೆ 3 ರೂಪಾಯಿ. ಅಷ್ಟೇ ತುಂಬಿದ ಹಾಗೆ ಕಾಣಲು ಎಡಿ 2 ಗ್ರಾಂ ಬೇಕು, ಅಂದರೆ 80 ಪೈಸೆ. ವ್ಯತ್ಯಾಸ 2 ರೂಪಾಯಿ 20 ಪೈಸೆ. ಈ 2 ರೂಪಾಯಿ ಕೊಟ್ಟರೆ ಗಿರಾಕಿಗೆ ಏನು ಸಿಗುತ್ತದೆ ಅನ್ನುವುದೇ ಪ್ರಶ್ನೆ. ಕೆಲವು ತರಕಾರಿಯಲ್ಲಿ ತುಂಬಾ ಸಿಗುತ್ತದೆ, ಕೆಲವದರಲ್ಲಿ ಏನೂ ಸಿಗುವುದಿಲ್ಲ.

ಇಷ್ಟು ದುಬಾರಿ ಯಾಕೆ ಅಂತ ಗೊತ್ತಿದ್ದರೆ ಚೌಕಾಸಿಗೂ ಸುಲಭ. ತರಕಾರಿಯನ್ನು ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಮುಚ್ಚಿದ ಕೋಣೆಯಲ್ಲಿಟ್ಟು ಗಾಳಿ ಎಳೆದು ತೆಗೆಯುತ್ತಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ. ಕೋಣೆಯೊಳಗೆ ಅದು 611 ಪ್ಯಾಸ್ಕಲ್‌ಗಿಂತ ಕೆಳಗೆ ಇಳಿದರೆ ನೀರು ದ್ರವವಾಗಿ ಇರಲು ಆಗುವುದಿಲ್ಲ. ಹಾಗಾಗಿ ನಿಧಾನಕ್ಕೆ ಶಾಖ ಕೊಟ್ಟಾಗ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗಿ ಹೊರಟುಹೋಗುತ್ತದೆ. ಮಂಜು ಇದ್ದ ಜಾಗ ಖಾಲಿ ತೂತಾಗಿ ಉಳಿಯುತ್ತದೆ, ತರಕಾರಿಯ ಆಕಾರ ಕುಗ್ಗುವುದಿಲ್ಲ. ಬಿಸಿನೀರು ಬಿದ್ದಾಗ ಅದೇ ತೂತುಗಳ ಮೂಲಕ ನೀರು ಒಳಗೆ ನುಗ್ಗುತ್ತದೆ. ಒಂದು ಬ್ಯಾಚ್ ಮುಗಿಯಲು ಸಾಮಾನ್ಯವಾಗಿ ಒಂದು ಇಡೀ ದಿನ ಅಥವಾ ಅದಕ್ಕೂ ಹೆಚ್ಚು ಬೇಕು. ಅಷ್ಟೂ ಹೊತ್ತು ವ್ಯಾಕ್ಯೂಮ್ ಪಂಪ್, ಕಂಪ್ರೆಸರ್ ಎರಡೂ ಓಡುತ್ತಲೇ ಇರಬೇಕು. ಕರೆಂಟ್ ಬಿಲ್ಲೇ ಅರ್ಧ ಕಥೆ ಹೇಳುತ್ತದೆ.

ಇದೇ ಲೆಕ್ಕದಿಂದ ಸುಳ್ಳು ಕೊಟೇಶನ್ ಹಿಡಿಯಬಹುದು. ಹಸಿ ಬಟಾಣಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರು. ಒಂದು ಕೆಜಿ ಎಫ್‌ಡಿ ಬಟಾಣಿಗೆ ನಾಲ್ಕೂವರೆ ಕೆಜಿ ಹತ್ತಿರ ಹಸಿ ಕಾಳು ಬೇಕು. ಫ್ರೋಜನ್ ಬಟಾಣಿ ಹೋಲ್‌ಸೇಲ್‌ನಲ್ಲಿ ಕೆಜಿಗೆ 100 ರೂಪಾಯಿ ಅಂತಿಟ್ಟುಕೊಳ್ಳಿ, ಬರೀ ಕಾಳಿಗೇ 450 ಆಯಿತು. ಅದರ ಮೇಲೆ ಕರೆಂಟು, ಕೂಲಿ, ಪ್ಯಾಕಿಂಗ್, ಲಾಭ. ಹೀಗಿರುವಾಗ ಒಬ್ಬ ವ್ಯಾಪಾರಿ "ಎಫ್‌ಡಿ ಬಟಾಣಿ 550ಕ್ಕೆ ಕೊಡುತ್ತೇನೆ" ಅಂದರೆ ಅದು ಎಫ್‌ಡಿ ಆಗಿರಲು ಸಾಧ್ಯವೇ ಇಲ್ಲ. ನಮಗೂ ಅಂಥ ಒಂದು ಸ್ಯಾಂಪಲ್ ಬಂತು. ಲೇಬಲ್ ಮೇಲೆ ಫ್ರೀಜ್ ಡ್ರೈಡ್ ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಸುಕ್ಕುಗಟ್ಟಿದ ಗಟ್ಟಿ ಕಾಳು, ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಸಾದಾ ಎಡಿ ಮಾಲು ಅದು. ಇನ್ನೊಂದು ಕಡೆಯಿಂದ ಬಂದ ಬೀನ್ಸ್ ನೋಡಲು ಚೆನ್ನಾಗಿತ್ತು, ಬಿಳಿ ಕಾಗದದ ಮೇಲಿಟ್ಟು ಒತ್ತಿದರೆ ಎಣ್ಣೆ ಕಲೆ ಬಂತು. ಅದು ವ್ಯಾಕ್ಯೂಮ್ ಫ್ರೈ ಮಾಡಿದ್ದು, ಅಂದರೆ ಗಾಳಿ ಎಳೆದು ತೆಗೆದ ಪಾತ್ರೆಯಲ್ಲಿ ಎಣ್ಣೆಯಲ್ಲಿ ಕರಿದದ್ದು. ಕುರುಕಲಿಗೆ ಸರಿ, ಕಪ್‌ಗೆ ಹಾಕಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ, ಸ್ವಲ್ಪ ದಿನಕ್ಕೆ ಕಮಟು ವಾಸನೆಯೂ ಬರುತ್ತದೆ.

ಹಾಗಾಗಿ ಸ್ಯಾಂಪಲ್ ಬಂದ ಕೂಡಲೇ ನಾವು ಮಾಡುವುದು ಇಷ್ಟು. ಬೆರಳಲ್ಲಿ ಒತ್ತುತ್ತೇವೆ, ಎಫ್‌ಡಿ ಆದರೆ ಪುಡಿಪುಡಿ ಆಗಬೇಕು. 10 ಗ್ರಾಂ ತೂಗಿ, ಕುದಿಸಿ ಇಳಿಸಿದ ನೀರು ಹಾಕಿ, ಐದು ನಿಮಿಷ ಮುಚ್ಚಿ, ಬಸಿದು ಮತ್ತೆ ತೂಗುತ್ತೇವೆ. ಕ್ಯಾರೆಟ್ ಆದರೆ 60 ಗ್ರಾಂ ಹತ್ತಿರ ಬರಬೇಕು. ಗ್ಯಾಸ್ ಮೇಲಿಟ್ಟು ಕುದಿಸಿ ನೋಡುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಕೊಳ್ಳುವವರು ರೈಲಿನಲ್ಲೋ ಆಫೀಸಿನಲ್ಲೋ ಫ್ಲಾಸ್ಕ್ ನೀರು ಸುರಿದು ತಿನ್ನುತ್ತಾರೆ. ಅವರು ಮಾಡುವ ಹಾಗೆಯೇ ನಾವೂ ಮಾಡಿ ನೋಡಬೇಕು ಅಲ್ವಾ.

ಈಗ ಒಂದೊಂದಾಗಿ ತರಕಾರಿ. ಬಟಾಣಿಯಲ್ಲಿ ಎಡಿ ಮತ್ತು ಎಫ್‌ಡಿ ನಡುವೆ ಇರುವಷ್ಟು ದೂರ ಬೇರೆ ಯಾವುದರಲ್ಲೂ ಇಲ್ಲ. ಎಡಿ ಬಟಾಣಿಯನ್ನು ಕಾಲು ಗಂಟೆ ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಒಳ್ಳೆಯ ಎಫ್‌ಡಿ ಬಟಾಣಿ ಐದು ನಿಮಿಷದೊಳಗೆ ಉಬ್ಬಿ, ಹಸಿರಾಗಿ, ಸ್ವಲ್ಪ ಸಿಹಿಯಾಗಿ ಎದ್ದು ನಿಲ್ಲುತ್ತದೆ. ಆದರೆ ಎಲ್ಲಾ ಎಫ್‌ಡಿ ಬಟಾಣಿಯೂ ಒಂದೇ ಅಲ್ಲ. ಬಟಾಣಿಯ ಸಿಪ್ಪೆ ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ಸೇರಿಸಿಕೊಳ್ಳುವುದೂ ಇಲ್ಲ. ಒಣಗಿಸುವ ಮೊದಲು ಸಿಪ್ಪೆಗೆ ಸೂಜಿಯ ಚುಚ್ಚೋ ಸಣ್ಣ ಗೀರೋ ಹಾಕಿರಬೇಕು. ಹಾಕದೆ ಒಣಗಿಸಿದ ಕಾಳಿನಲ್ಲಿ ಹೊರಗೆ ಮೆತ್ತಗೆ, ಒಳಗೆ ಬಿಳಿ ಪುಡಿಯ ಗುಳ್ಳೆ. ನೆನೆದ ಕಾಳನ್ನು ಬ್ಲೇಡಿನಿಂದ ಅರ್ಧ ಮಾಡಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಮಾರುವವರಿಗೆ "ಚುಚ್ಚಿದ್ದಾ, ಚುಚ್ಚದ್ದಾ?" ಅಂತ ಕೇಳಿ. ಸ್ವತಃ ತಯಾರಿಸುವವರು ತಡವರಿಸದೆ ಉತ್ತರ ಕೊಡುತ್ತಾರೆ. ನಡುವಿನ ವ್ಯಾಪಾರಿಗಳು "ಕೇಳಿ ಹೇಳುತ್ತೇನೆ ಸರ್" ಅನ್ನುತ್ತಾರೆ. ನನಗೆ ಯಾರ ಜೊತೆ ಮಾತಾಡುತ್ತಿದ್ದೇನೆ ಅಂತ ತಿಳಿಯಲು ಈ ಒಂದು ಪ್ರಶ್ನೆ ಸಾಕಾಗಿದೆ.

ಸ್ವೀಟ್ ಕಾರ್ನ್ ಬಗ್ಗೆ ದೂರು ಕಡಿಮೆ. ಸಿಪ್ಪೆ ಸ್ವಲ್ಪ ನಾರಾಗಿ ಉಳಿಯುತ್ತದೆ, ಆದರೆ ಸಿಹಿ ಹಾಗೇ ಇರುತ್ತದೆ. ಬೀನ್ಸ್‌ನಲ್ಲಿ ಎಳೆಯದನ್ನೇ ಕೊಯ್ದಿದ್ದಾರಾ ಅನ್ನುವುದು ಮುಖ್ಯ. ಬಲಿತ ಬೀನ್ಸ್ ಯಾವ ಮೆಷಿನ್‌ನಲ್ಲಿ ಒಣಗಿಸಿದರೂ ಬಲಿತದ್ದೇ.

ಕ್ಯಾರೆಟ್‌ನಲ್ಲಿ 3 ಮಿಲಿಮೀಟರ್ ಹೆಚ್ಚಿದ ಎಡಿ ತುಂಡು ನಮ್ಮ ಬಿಸಿಬೇಳೆ ಬಾತ್‌ಗೆ ಚೆನ್ನಾಗೇ ಹೊಂದುತ್ತದೆ. ಅದನ್ನು ಎಂಟು ನಿಮಿಷ ಮುಚ್ಚಿಡಲು ಹೇಳುತ್ತೇವೆ, ಸಾರು ಜಾಸ್ತಿ, ಮಸಾಲೆಯೂ ಗಾಢ. ಉಪ್ಪಿಟ್ಟಿಗೆ ಮಾತ್ರ ಎಫ್‌ಡಿ. ಬಿಳಿ ರವೆಯ ನಡುವೆ ಕಿತ್ತಳೆ ತುಂಡು ದುಂಡಗೆ ಕಾಣಬೇಕು, ಎಡಿ ಅಲ್ಲಿ ಸುಕ್ಕಾಗಿ ಕಾಣುತ್ತದೆ. ಎಫ್‌ಡಿ ಕ್ಯಾರೆಟ್‌ಗೆ ಒಂದು ದೊಡ್ಡ ಕೊರತೆ ಇದೆ. ಒಳಗೆಲ್ಲಾ ತೂತು ಇರುವುದರಿಂದ ಗಾಳಿ ಸಲೀಸಾಗಿ ಹೊಕ್ಕು, ಕಿತ್ತಳೆ ಬಣ್ಣ ಕೊಡುವ ಕ್ಯಾರೋಟಿನ್ ಹಾಳಾಗುತ್ತದೆ. ಬೆಳಕೂ ಬಿದ್ದರೆ ಇನ್ನೂ ಬೇಗ. ಬಣ್ಣ ತೆಳುವಾಗಿ, ಒಣಹುಲ್ಲಿನ ವಾಸನೆ ಬರುತ್ತದೆ. ಪಾರದರ್ಶಕ ಕವರಿನಲ್ಲಿ ಕಳಿಸುವವರ ಹತ್ತಿರ ಕ್ಯಾರೆಟ್ ತೆಗೆದುಕೊಳ್ಳಲೇಬೇಡಿ.

ಈರುಳ್ಳಿಗೆ ಎಫ್‌ಡಿ ಯಾಕೆ ಬೇಡ ಅಂದರೆ ನಮ್ಮ ಅಡುಗೆಯಲ್ಲಿ ಈರುಳ್ಳಿ ಹುರಿದೇ ಬರಬೇಕು. ಹುರಿಯುವುದಕ್ಕೆ ಎಡಿ ಈರುಳ್ಳಿ ಬೇಕಾದಷ್ಟು ಸಾಕು. ಗುಜರಾತಿನ ಭಾವನಗರ ಜಿಲ್ಲೆಯ ಮಹುವಾ ಊರು ಒಣ ಈರುಳ್ಳಿಗೇ ಹೆಸರಾದದ್ದು. ಅಲ್ಲಿ ಬಿಳಿ ಈರುಳ್ಳಿ ಒಣಗಿಸುವ ಫ್ಯಾಕ್ಟರಿಗಳ ಸಾಲೇ ಇದೆ. ತುಂಡು, ಪುಡಿ, ಹರಳು ಎಲ್ಲಾ ಅಳತೆಯಲ್ಲೂ ಸಿಗುತ್ತದೆ, ಬೆಲೆಯೂ ಹಿತ. ಎಡಿ ಮಾಲಿನಲ್ಲಿ ಒಂದು ವಿಷಯ ಮಾತ್ರ ಕೇಳಿ ತಿಳಿದುಕೊಳ್ಳಿ. ಬಣ್ಣ ಉಳಿಯಲಿ ಅಂತ ಕೆಲವು ತರಕಾರಿಗೆ ಸಲ್ಫೈಟ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಕೆಜಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಅಲರ್ಜಿ ಪಟ್ಟಿಯಲ್ಲಿ ಅದನ್ನು ನಿಮ್ಮ ಲೇಬಲ್ ಮೇಲೆ ಹಾಕಬೇಕು. ಎಫ್‌ಡಿಗೆ ಸಾಮಾನ್ಯವಾಗಿ ಸಲ್ಫೈಟ್ ಬೇಕಾಗುವುದಿಲ್ಲ.

ಟೊಮೆಟೊ ಪುಡಿ ಕೊಳ್ಳುವಾಗ ಹುಷಾರು. ಟೊಮೆಟೊದಲ್ಲಿ ನೂರಕ್ಕೆ 94 ಭಾಗ ನೀರು, ಹಾಗಾಗಿ ಅಪ್ಪಟ ಎಫ್‌ಡಿ ಪುಡಿ ಕೆಜಿಗೆ 15 ಕೆಜಿಗಿಂತ ಜಾಸ್ತಿ ಹಣ್ಣು ತಿನ್ನುತ್ತದೆ. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಸ್ಪ್ರೇ ಡ್ರೈ ಮಾಡಿದ್ದು, ಅಂದರೆ ರಸವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ್ದು. ಅಂಟದೆ ಪುಡಿಯಾಗಿ ಇರಲು ಅದಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿ ಸೇರಿಸಿರುತ್ತಾರೆ. ಅದೇನು ತಪ್ಪಲ್ಲ, ನಾವೂ ಅದನ್ನೇ ಬಳಸುತ್ತೇವೆ, ಆದರೆ ಎಷ್ಟು ಭಾಗ ಟೊಮೆಟೊ, ಎಷ್ಟು ಭಾಗ ಮಾಲ್ಟೋಡೆಕ್ಸ್‌ಟ್ರಿನ್ ಅಂತ ಬರೆದುಕೊಡಲು ಹೇಳಿ. ಕೊತ್ತಂಬರಿ ಸೊಪ್ಪು ಎಫ್‌ಡಿಯಲ್ಲಿ ಬಣ್ಣಕ್ಕೆ ತುಂಬಾ ಚೆನ್ನಾಗಿದೆ, ಘಮ ಮಾತ್ರ ಹೆಚ್ಚು ಉಳಿಯುವುದಿಲ್ಲ. ಕರಿಬೇವು ನೆರಳಲ್ಲಿ ಒಣಗಿಸಿ ಒಗ್ಗರಣೆಯಲ್ಲಿ ಹುರಿದದ್ದೇ ಮೇಲು. ಆಲೂಗಡ್ಡೆ ಎಫ್‌ಡಿ ಮಾಡಿದರೆ ನೀರಿಗೆ ಬಿದ್ದ ಮೇಲೆ ಸ್ಪಂಜಿನಂತೆ ಆಗುತ್ತದೆ, ಯಾರಿಗೂ ಹಿಡಿಸಲಿಲ್ಲ.

ಇನ್ನು ತೇವ. ಕರಾವಳಿಯಲ್ಲಿ ಈ ವ್ಯಾಪಾರ ಮಾಡುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಒಳ್ಳೆಯ ಎಫ್‌ಡಿ ತರಕಾರಿಯಲ್ಲಿ ಉಳಿದಿರುವ ನೀರು ನೂರಕ್ಕೆ 2ರಿಂದ 4 ಭಾಗ ಅಷ್ಟೇ. ಅದು ಸುತ್ತಲಿನ ಗಾಳಿಯಿಂದ ತೇವ ಎಳೆಯಲು ಕಾಯುತ್ತಲೇ ಇರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ತೆರೆದ ತಟ್ಟೆಯಲ್ಲಿಟ್ಟ ಕಾರ್ನ್ ಅರ್ಧ ಗಂಟೆಯಲ್ಲೇ ಗರಿಗರಿ ಕಳೆದುಕೊಂಡು ಚರ್ಮದ ಹಾಗೆ ಜಗಿಯುವಂತಾಗುತ್ತದೆ. ಒಮ್ಮೆ ಹಾಗಾದ ಮೇಲೆ ಬಿಸಿಲಿಗಿಟ್ಟರೂ ಮೊದಲಿನಂತೆ ಆಗುವುದಿಲ್ಲ, ತೂತುಗಳು ಕುಸಿದುಬಿಟ್ಟಿರುತ್ತವೆ. ಕಪ್‌ನೊಳಗೆ ಇನ್ನೊಂದು ತೊಂದರೆ ಇದೆ. ಹುರಿದ ರವೆಯಲ್ಲೋ ಅವಲಕ್ಕಿಯಲ್ಲೋ ತೇವ ಸ್ವಲ್ಪ ಜಾಸ್ತಿ ಇರುತ್ತದೆ, ಆ ತೇವವನ್ನು ತರಕಾರಿ ಹೀರಿಕೊಳ್ಳುತ್ತದೆ. ಅದಕ್ಕೇ ನಾವು ತರಕಾರಿಯನ್ನು ಬೇರೆ ಸಣ್ಣ ಸ್ಯಾಶೆಯಲ್ಲಿ ಹಾಕುತ್ತೇವೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ತಿಂಗಳುಗಳು ಕಳೆದರೂ ಬಟಾಣಿ ಬಟಾಣಿಯಾಗೇ ಉಳಿಯುತ್ತದೆ.

ಹಾಗಾಗಿ ಕೊಳ್ಳುವಾಗ ಪ್ಯಾಕಿಂಗ್ ಬಗ್ಗೆ ಹಠ ಹಿಡಿಯಿರಿ. ಅಲ್ಯೂಮಿನಿಯಂ ಪದರ ಇರುವ ದಪ್ಪ ಪೌಚ್, ಒಳಗೆ ಗಾಳಿಯ ಬದಲು ನೈಟ್ರೋಜನ್. ವ್ಯಾಕ್ಯೂಮ್ ಪ್ಯಾಕ್ ಬೇಡ, ಎಳೆತಕ್ಕೆ ತುಂಡೆಲ್ಲಾ ಪುಡಿಯಾಗುತ್ತದೆ. 10 ಕೆಜಿ ಒಂದೇ ಚೀಲದಲ್ಲಿ ಬಂದರೆ ಒಮ್ಮೆ ಬಿಚ್ಚಿದ ಮೇಲೆ ಆ ದಿನವೇ ಮುಗಿಸಬೇಕು, ಸಣ್ಣ ಘಟಕಕ್ಕೆ ಅದು ಆಗದ ಮಾತು. ಒಂದೊಂದು ಕೆಜಿ ಒಳಚೀಲ ಮಾಡಿಕೊಡಿ ಅಂತ ಕೇಳಿ, ಕೆಜಿಗೆ ಇಪ್ಪತ್ತೋ ಮೂವತ್ತೋ ಜಾಸ್ತಿ ಹೇಳುತ್ತಾರೆ, ಕೊಡಿ. ಸ್ಯಾಶೆ ತುಂಬುವ ಕೋಣೆಗೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಲ್ಲದೆ ಮಳೆಗಾಲದಲ್ಲಿ ಈ ಮಾಲನ್ನು ಮುಟ್ಟಲೂ ಹೋಗಬೇಡಿ.

ಪುಡಿಯ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ಒಂದು ಲಾಟ್ ಬೀನ್ಸ್‌ನಲ್ಲಿ ಚೀಲದ ತಳದಲ್ಲಿ ಮೂರನೇ ಒಂದು ಭಾಗ ಬರೀ ಹಸಿರು ಪುಡಿ. ಸ್ಯಾಂಪಲ್‌ನಲ್ಲಿ ಒಂದೂ ಒಡೆದಿರಲಿಲ್ಲ. ಮಾರಿದವರು "ಟ್ರಾನ್ಸ್‌ಪೋರ್ಟ್‌ನಲ್ಲಿ ಆಗಿರಬೇಕು" ಅಂದರು, ದುಡ್ಡು ವಾಪಸ್ ಬರಲಿಲ್ಲ. ಈಗ ನಮ್ಮ ಪರ್ಚೇಸ್ ಆರ್ಡರ್‌ನಲ್ಲೇ ಬರೆಯುತ್ತೇವೆ: ಇಷ್ಟು ಮಿಲಿಮೀಟರ್ ಜರಡಿಯಲ್ಲಿ ಇಳಿಯುವ ಪುಡಿ ನೂರಕ್ಕೆ 5 ಭಾಗ ಮೀರಿದರೆ ಮಾಲು ವಾಪಸ್. ಒಳ್ಳೆಯ ತಯಾರಕರು ಇದಕ್ಕೆ ಒಪ್ಪುತ್ತಾರೆ.

ಎಲ್ಲಕ್ಕಿಂತ ಗಂಭೀರವಾದ ಮಾತು ಈಗ. ಫ್ರೀಜ್ ಡ್ರೈ ಅಂದರೆ ಕ್ರಿಮಿ ಸತ್ತಿರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಲ್ಯಾಬ್‌ಗಳಲ್ಲಿ ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಜೀವಂತ ಇಡಲು ಬಳಸುವ ವಿಧಾನಗಳಲ್ಲಿ ಇದೂ ಒಂದು. ತರಕಾರಿಯಲ್ಲಿ ಇದ್ದ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಣಗಿದ ಮೇಲೂ ಬದುಕಿರಬಹುದು. ಮನೆಯಲ್ಲಿ ಕುದಿಸಿ ತಿನ್ನುವ ಪದಾರ್ಥವಾದರೆ ಸರಿ. ನಮ್ಮ ಕಪ್‌ಗೆ ಬೀಳುವ ನೀರು ಫ್ಲಾಸ್ಕ್‌ನಿಂದ ಬರುವ ಹೊತ್ತಿಗೆ ಕುದಿಯುತ್ತಿರುವುದಿಲ್ಲ, ಒಣ ಪದಾರ್ಥಕ್ಕೆ ತಾಗಿದ ಕೂಡಲೇ ಇನ್ನೂ ತಣ್ಣಗಾಗುತ್ತದೆ. ಹಾಗಾಗಿ ತರಕಾರಿ ಒಣಗಿಸುವ ಮೊದಲೇ ಸರಿಯಾಗಿ ಬ್ಲಾಂಚ್ ಆಗಿರಬೇಕು, ಅಂದರೆ ಕುದಿನೀರಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು ತೆಗೆದಿರಬೇಕು, ಆಮೇಲೆ ಕೈ ತಾಗಿಸುವವರು, ತಟ್ಟೆ, ನೀರು ಎಲ್ಲಾ ಶುಚಿಯಾಗಿರಬೇಕು. ನಮ್ಮ ಪದಾರ್ಥ ತಿನ್ನುವವರಲ್ಲಿ ಮಕ್ಕಳಿದ್ದಾರೆ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕಾಯುವವರಿದ್ದಾರೆ. ಇಲ್ಲಿ ಎರಡು ರೂಪಾಯಿ ಉಳಿಸುವ ಯೋಚನೆಯೇ ಬೇಡ.

ಪ್ರತಿ ಬ್ಯಾಚ್‌ಗೂ ಪರೀಕ್ಷಾ ವರದಿ ಕೇಳಿ, ಅದನ್ನು ಸಿಓಎ ಅನ್ನುತ್ತಾರೆ. ತೇವಾಂಶ, ವಾಟರ್ ಆಕ್ಟಿವಿಟಿ (ಕ್ರಿಮಿ ಬೆಳೆಯಲು ಸಿಗುವ ನೀರಿನ ಅಳತೆ), ಒಟ್ಟು ಬ್ಯಾಕ್ಟೀರಿಯಾ ಎಣಿಕೆ, ಯೀಸ್ಟ್ ಮತ್ತು ಬೂಷ್ಟು, ಕೋಲಿಫಾರ್ಮ್ (ಶುಚಿತ್ವ ತಪ್ಪಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಇವುಗಳ ಅಂಕಿ ಇರಬೇಕು, 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇಲ್ಲ ಅಂತ ಬರೆದಿರಬೇಕು. ವರದಿ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನದ್ದಾದರೆ ಒಳ್ಳೆಯದು. ಒಬ್ಬ ವ್ಯಾಪಾರಿ ನಮಗೆ ಕಳಿಸಿದ ಬಟಾಣಿ, ಕ್ಯಾರೆಟ್, ಕಾರ್ನ್ ಮೂರರ ವರದಿಯಲ್ಲೂ ತೇವಾಂಶದಿಂದ ಹಿಡಿದು ಬ್ಯಾಕ್ಟೀರಿಯಾ ಎಣಿಕೆವರೆಗೆ ಒಂದೇ ಅಂಕಿ ಇತ್ತು. ಮೂರು ಬೇರೆ ತರಕಾರಿಗೆ ಹಾಗೆ ಬರಲು ಸಾಧ್ಯವೇ ಇಲ್ಲ. ಅಲ್ಲಿಗೆ ಅವರ ಜೊತೆ ಮಾತು ಮುಗಿಸಿದೆವು. ಮಾರುವವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಿ, ತಯಾರಕರಾ ಬರೀ ವ್ಯಾಪಾರಿಯಾ ಅಂತಲೂ ಅಲ್ಲೇ ತಿಳಿಯುತ್ತದೆ. ಚೀನಾದ ಮಾಲೂ ಮಾರುಕಟ್ಟೆಯಲ್ಲಿ ಓಡಾಡುತ್ತದೆ, ಗುಣಮಟ್ಟ ಚೆನ್ನಾಗಿರುವುದೂ ಉಂಟು, ಆದರೆ ಯಾವ ದೇಶದ್ದು ಅಂತ ಕಾಗದದಲ್ಲಿ ಇರಲೇಬೇಕು. ಪರೀಕ್ಷೆ ಬಗ್ಗೆ ಅನುಮಾನ ಇದ್ದರೆ ನಮ್ಮ ರಾಜ್ಯದವರಿಗೆ ಮೈಸೂರು ಹತ್ತಿರದಲ್ಲೇ ಇದೆ. 1950ರಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ ಅಲ್ಲಿದೆ. ಸೈನಿಕರ ಊಟಕ್ಕಾಗಿ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ ಡಿಎಫ್‌ಆರ್‌ಎಲ್ 1961ರಲ್ಲಿ ಶುರುವಾದದ್ದೂ ಅಲ್ಲೇ. ಆಹಾರ ಒಣಗಿಸುವ ವಿಷಯದಲ್ಲಿ ಇಷ್ಟು ತಿಳಿವಳಿಕೆ ಒಂದೇ ಊರಲ್ಲಿ ಇರುವುದು ನಮ್ಮ ಭಾಗ್ಯ, ಸಣ್ಣ ಉದ್ಯಮದವರು ಅದನ್ನು ಜಾಸ್ತಿ ಬಳಸಿಕೊಳ್ಳಬೇಕು.

ಸಾಗಾಟದ ಖರ್ಚು ಕೊಟೇಶನ್‌ನಲ್ಲಿ ಕಾಣುವುದಿಲ್ಲ. ಎಫ್‌ಡಿ ಮಾಲು ಮಂಡಕ್ಕಿಯಷ್ಟು ಹಗುರ, ಜಾಗ ಮಾತ್ರ ತುಂಬಾ ಬೇಕು. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 60, 40, 40ರ ಡಬ್ಬ ಅಂದರೆ 19 ಕೆಜಿ ಚಿಲ್ಲರೆಯ ಬಾಡಿಗೆ. ಒಳಗೆ ಇರುವುದು 5 ಕೆಜಿ ತರಕಾರಿ. ಲಾರಿ ಪಾರ್ಸೆಲ್‌ನಲ್ಲಿ ತರಿಸಿದರೆ ಅಗ್ಗ, ಒಡೆಯುವುದು ಜಾಸ್ತಿ. ನಾವು ಎರಡು ತಿಂಗಳ ಮಾಲು ಒಟ್ಟಿಗೆ ತರಿಸಿ, ಮಳೆಗಾಲದ್ದನ್ನು ಮೇ ತಿಂಗಳೊಳಗೇ ತಂದಿಟ್ಟುಕೊಳ್ಳುತ್ತೇವೆ.

ಈಗ ನಾವು ಯಾರಿಂದ ಕೊಳ್ಳುತ್ತಿದ್ದೇವೆ ಅಂತ ಕೇಳುವವರಿಗೆ: ಬಟಾಣಿ, ಕಾರ್ನ್ ಪಶ್ಚಿಮ ಭಾರತದ ಒಬ್ಬ ತಯಾರಕರಿಂದ. ಕನಿಷ್ಠ ಆರ್ಡರ್ 25 ಕೆಜಿ ಕೇಳುತ್ತಾರೆ, ಮುಂಗಡ ಪೂರ್ತಿ ಕೇಳುತ್ತಾರೆ, ಫೋನ್ ಎತ್ತುವುದು ನಿಧಾನ. ಆದರೆ ಮಾಲು ಪ್ರತಿ ಸಲ ಒಂದೇ ಹಾಗೆ ಬರುತ್ತದೆ, ವರದಿ ಪ್ರತಿ ಬ್ಯಾಚ್‌ಗೂ ಬೇರೆ. ಬೀನ್ಸ್ ಮತ್ತು ಉಪ್ಪಿಟ್ಟಿನ ಕ್ಯಾರೆಟ್ ಬೆಂಗಳೂರು ಕಡೆಯ ಒಂದು ಸಣ್ಣ ಘಟಕದಲ್ಲಿ ಜಾಬ್‌ವರ್ಕ್. ತರಕಾರಿ ನಾವೇ ಕೊಡುತ್ತೇವೆ, ಅವರು ತೊಳೆದು, ಹೆಚ್ಚಿ, ಬ್ಲಾಂಚ್ ಮಾಡಿ, ಒಣಗಿಸಿ ಕೊಡುತ್ತಾರೆ. ಕೆಜಿ ಲೆಕ್ಕದಲ್ಲಿ ಸ್ವಲ್ಪ ದುಬಾರಿ, ಆದರೆ ಬೀನ್ಸ್ ಎಳೆಯದಾ ಬಲಿತದ್ದಾ ಅಂತ ನಮ್ಮ ಕಣ್ಣೆದುರೇ ತೀರ್ಮಾನ ಆಗುತ್ತದೆ.

ಅವರ ಹತ್ತಿರ ಈ ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಯನ್ನೂ ಒಣಗಿಸಿ ನೋಡಿದೆವು. ನನಗೆ ತುಂಬಾ ಆಸೆ ಇತ್ತು, ಯಾಕೆಂದರೆ ಅವರೆ ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು, ಹೊರದೇಶದಲ್ಲಿರುವ ನಮ್ಮವರು ಅದನ್ನು ಕೇಳುತ್ತಲೇ ಇರುತ್ತಾರೆ. ಬೇಳೆ ಸುಂದರವಾಗಿ ಬಂತು, ಬಿಸಿನೀರಿನಲ್ಲಿ ಆರೇಳು ನಿಮಿಷಕ್ಕೆ ಮೆತ್ತಗಾಯಿತು, ಬೆಣ್ಣೆಯ ಸ್ವಾದವೂ ಇತ್ತು. ಸೊಗಡು ಮಾತ್ರ ಬರಲಿಲ್ಲ. ಅದು ಹೆಚ್ಚಾಗಿ ಕಾಯಿಯ ಸಿಪ್ಪೆಯ ಮೇಲಿನ ಅಂಟಿನಲ್ಲೇ ಇರುತ್ತದೆ, ಬಿಡಿಸಿ ಹಿತಕಿದ ಮೇಲೆ ಉಳಿದ ಅಲ್ಪಸ್ವಲ್ಪವನ್ನು ವ್ಯಾಕ್ಯೂಮ್ ಎಳೆದುಕೊಂಡುಬಿಡುತ್ತದೆ. ಆದರೂ ಇದನ್ನು ಬಿಡುವುದಿಲ್ಲ, ಮುಂದಿನ ಹಂಗಾಮಿಗೆ ಬಿಸಿಬೇಳೆ ಬಾತ್‌ನಲ್ಲಿ ಹಾಕುವ ಯೋಚನೆ ಇದೆ, ಅಲ್ಲಿ ಮಸಾಲೆಯ ಘಮ ಜೊತೆಗಿರುತ್ತದೆ. ನವಿಲುಕೋಸು ಮಾತ್ರ ಇನ್ನೂ ಯಾರೂ ಸರಿಯಾಗಿ ಮಾಡಿಕೊಟ್ಟಿಲ್ಲ. ಬಿಸಿಬೇಳೆ ಬಾತ್‌ಗೆ ಅದು ಬೇಕೇ ಬೇಕು. ತಯಾರಕರ ಪಟ್ಟಿಯಲ್ಲಿ ಬ್ರಾಕಲಿ ಇರುತ್ತದೆ, ಆಸ್ಪರಾಗಸ್ ಇರುತ್ತದೆ, ನವಿಲುಕೋಸು ಇರುವುದಿಲ್ಲ. 20 ಕೆಜಿ ಹಸಿ ತರಕಾರಿಯ ಸಣ್ಣ ಬ್ಯಾಚ್ ತೆಗೆದುಕೊಳ್ಳುವ ಜಾಬ್‌ವರ್ಕ್ ಘಟಕ ಹುಬ್ಬಳ್ಳಿಯ ಕಡೆಯೋ ಹಾಸನದ ಕಡೆಯೋ ಇದ್ದರೆ ತಿಳಿಸಿ, ಮೊದಲ ಲಾಟ್‌ಗೆ ಬೇಕಾದ ನವಿಲುಕೋಸು ನಾನೇ ತಂದುಕೊಡುತ್ತೇನೆ.